ನಾಯಿ ಬೆಕ್ಕುಗಳ ಹೊಟ್ಟೆಯಲ್ಲಿ ನಾರಿನ ಕೆಲಸ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಹಲಗೆಯ ಮೇಲೆ ಓದಿ ಕೆಲವರು ಮುಗುಳ್ನಕ್ಕುದನ್ನು ನಾವು ಕಂಡೆವು. ತಿಂಗಳ ಕೊನೆಯ ವಾರ ನಮ್ಮ ಹೊಟ್ಟೆಯನ್ನೇ ತೂಗಿಸುವುದು ಕಷ್ಟವಾಗಿರುವಾಗ ನಾಯಿ ಬೆಕ್ಕುಗಳ ಹೊಟ್ಟೆಯ ಚಿಂತೆ ಏಕೆ ಎಂದು ಕೇಳಿದರೆ ತಪ್ಪೇನೂ ಅಲ್ಲ. ಆದರೆ ರಾತ್ರಿಪಾಳಿ ಮುಗಿಸಿ ಬರುವಾಗ ಗಲ್ಲಿಯ ನಾಯಿಗೆ ಒಂದು ಬಿಸ್ಕತ್ತು ಹಾಕದವರು ನಮ್ಮಲ್ಲಿ ಎಷ್ಟು ಮಂದಿ? ಇಲಿಯ ಕಾಟಕ್ಕೆಂದು ಚಾಳಿನಲ್ಲಿ ಸೇರಿಸಿಕೊಂಡ ಬೆಕ್ಕಿಗೆ ಹಾಲನ್ನ ಕಲಸಿಡದ ಮನೆ ಎಷ್ಟಿವೆ? ಊಟ ಹಾಕುವ ಕೈ ನಮ್ಮದಾದ ಮೇಲೆ, ಆ ಊಟ ಒಳಗೆ ಹೋಗಿ ಏನಾಗುತ್ತದೆಂದು ತಿಳಿಯುವ ಹೊಣೆಯೂ ನಮ್ಮದೇ. ಬೆಕ್ಕಿನ ವಿಷಯದಲ್ಲಂತೂ ಇದು ತಿಳಿಯದಿದ್ದರೆ ಪ್ರಾಣಿಯ ಕಣ್ಣೇ ಹೋಗಬಹುದು. ಅದನ್ನು ಮುಂದೆ ಹೇಳುತ್ತೇವೆ.

ಸೊಪ್ಪು, ತರಕಾರಿ, ಕಾಳಿನ ಹೊಟ್ಟು, ಧಾನ್ಯದ ತೌಡು ಇವುಗಳಲ್ಲಿ ಜೀರ್ಣರಸಗಳಿಗೆ ಸೋಲದೆ ಉಳಿಯುವ ಭಾಗವೇ ನಾರು. ‘ಆಹಾರದ ನಾರು’ ಎಂಬ ಹೆಸರನ್ನು 1953ರಲ್ಲಿ ಹಿಪ್ಸ್ಲಿ ಎಂಬವರು ಬಳಕೆಗೆ ತಂದರು. ಅದಕ್ಕೂ ಮೊದಲು, ಆಮೇಲೆಯೂ ಬಹುಕಾಲ, ಇದನ್ನು ಹೊಟ್ಟೆ ತುಂಬಿಸುವ ಕಸವೆಂದೇ ಎಣಿಸುತ್ತಿದ್ದರು. ಆದರೆ ದೊಡ್ಡ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ಮನೆಮಾಡಿಕೊಂಡಿವೆ. ನಮ್ಮಿಂದ, ನಾಯಿಯಿಂದ, ಬೆಕ್ಕಿನಿಂದ ಆಗದ ಕೆಲಸವನ್ನು ಅವು ಮಾಡುತ್ತವೆ. ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಬ್ಬಿ ಹುಳಿಯಾಗುವುದನ್ನು ನಾವೆಲ್ಲ ಬಲ್ಲೆವು. ಹೆಚ್ಚುಕಡಿಮೆ ಅಂಥದೇ ಹುಳಿಯುವ ಕೆಲಸ ಕರುಳಿನೊಳಗೂ ನಡೆಯುತ್ತದೆ. ಅದರಿಂದ ಮುಖ್ಯವಾಗಿ ಮೂರು ಆಮ್ಲಗಳು ಹುಟ್ಟುತ್ತವೆ: ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲ, ಪ್ರೊಪಿಯಾನಿಕ್ ಆಮ್ಲ, ಮತ್ತು ಕೆಟ್ಟ ಬೆಣ್ಣೆಗೆ ಆ ನಾತವನ್ನು ಕೊಡುವ ಬ್ಯುಟಿರಿಕ್ ಆಮ್ಲ. ಈ ಮೂರನೆಯದರ ಹೆಸರಿಗೆ ಮೂಗು ಮುರಿಯಬೇಕಾಗಿಲ್ಲ. ದೊಡ್ಡ ಕರುಳಿನ ಒಳಗೋಡೆಯ ಜೀವಕಣಗಳಿಗೆ ಮುಖ್ಯ ಇಂಧನ ಅದೇ. ಜೊತೆಗೆ ಈ ಹುಳಿಯಿಂದಾಗಿ ಕೆಲವು ಕೇಡಿನ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬೇರೂರುವುದು ಕಷ್ಟವಾಗುತ್ತದೆ.

ನಾರು ಬಾರದೆ ಹೋದರೆ ಬ್ಯಾಕ್ಟೀರಿಯಗಳು ಉಪವಾಸ ಕೂರುವುದಿಲ್ಲ. ಜೀರ್ಣವಾಗದೆ ಉಳಿದ ಮಾಂಸದ ಸಸಾರಜನಕಕ್ಕೆ, ಎಂದರೆ ಪ್ರೋಟೀನಿಗೆ, ಕೈಹಾಕುತ್ತವೆ. ಆಗ ಹುಳಿಯುವುದರ ಬದಲು ಕೊಳೆಯುವುದು ಹೆಚ್ಚಾಗಿ ಅಮೋನಿಯ, ಇಂಡೋಲ್, ಫೀನಾಲ್ ಮೊದಲಾದವು ಹುಟ್ಟುತ್ತವೆ. ನಾತಕ್ಕೆ ಬಹುಪಾಲು ಕಾರಣ ಇವೇ.

ನಾರೆಲ್ಲ ಒಂದೇ ಜಾತಿಯಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮರದ ಹುಡಿಯಂಥ ಸೆಲ್ಯುಲೋಸು ನಾಯಿ ಬೆಕ್ಕುಗಳ ಕರುಳಿನಲ್ಲಿ ಹೋದಂತೆಯೇ ಹೊರಬರುತ್ತದೆ. ಮಲದ ಗಾತ್ರ ಹೆಚ್ಚಿಸುವುದಷ್ಟೇ ಅದರ ಕೆಲಸ. ಗುಜರಾತಿನಿಂದ ಬರುವ ನಮ್ಮ ಇಸಬಗೋಲು ನೀರು ಹೀರಿ ಲೋಳೆಯಾಗುತ್ತದೆ, ಆದರೆ ಬ್ಯಾಕ್ಟೀರಿಯಗಳಿಗೆ ಅದು ಅಷ್ಟಾಗಿ ದಕ್ಕುವುದಿಲ್ಲ. ಹಣ್ಣಿನ ಪೆಕ್ಟಿನ್, ಕೆಲವು ಗೆಡ್ಡೆಗಳ ಇನ್ಯುಲಿನ್ ಬೇಗನೆ ಹುಳಿಯುತ್ತವೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಬೀಟಿನ ಚರಟ ಇವೆರಡರ ನಡುವೆ ನಿಲ್ಲುತ್ತದೆ. ನಾಯಿಯ ಆಹಾರದ ಕಾರಖಾನೆಗಳಿಗೆ ಅದು ಅಚ್ಚುಮೆಚ್ಚು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ನಾಯಿ ಬೆಕ್ಕುಗಳ ಮಲದಿಂದ ತೆಗೆದ ಬ್ಯಾಕ್ಟೀರಿಯಗಳಿಗೆ ಗಾಜಿನ ಪಾತ್ರೆಯಲ್ಲಿ ಬಗೆಬಗೆಯ ನಾರನ್ನು ಉಣಿಸಿ 1995ರಲ್ಲೇ ಇದನ್ನು ಅಳೆದರು. ಇಂಥ ವಿದ್ಯೆಗೆ ಬುದ್ಧಿಯಷ್ಟೇ ಅಲ್ಲ, ಹೇಸದ ಮೂಗೂ ಬೇಕು.

2010ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಆರು ಆರೋಗ್ಯವಂತ ನಾಯಿಗಳಿಗೆ ಒಂದು ಸರದಿ ನಾರು ಸೇರಿಸದ ಆಹಾರ, ಇನ್ನೊಂದು ಸರದಿ ನೂರಕ್ಕೆ 7.5ರಷ್ಟು ಬೀಟಿನ ಚರಟ ಸೇರಿಸಿದ ಆಹಾರ ಹಾಕಿದರು. ನಾರು ತಿಂದಾಗ ಫ್ಯೂಸೋಬ್ಯಾಕ್ಟೀರಿಯ ಎಂಬ ಪಂಗಡ ಸಾಮಾನ್ಯವಾಗಿ ಇಳಿಯಿತು, ಫರ್ಮಿಕ್ಯೂಟ್ ಎಂಬ ಪಂಗಡ ಏರಿತು. ಆದರೆ ಆರೂ ನಾಯಿಗಳಲ್ಲಿ ಈ ಬದಲಾವಣೆ ಒಂದೇ ಸಮನಾಗಿ ಕಾಣಲಿಲ್ಲ. ಒಂದೇ ಮೆಸ್ಸಿನಲ್ಲಿ ಉಂಡ ಇಬ್ಬರಲ್ಲಿ ಒಬ್ಬನಿಗೆ ಕಡಲೆ ಸಲೀಸು, ಇನ್ನೊಬ್ಬನಿಗೆ ವಾಯು ಎಂಬಂತೆ. ಇನ್ನೊಂದು ಮಾತು: ಮನುಷ್ಯರಲ್ಲಿ ಕೆಲವು ರೋಗಗಳ ಸಂಗಡ ಕಾಣಿಸುವ ಈ ಫ್ಯೂಸೋಬ್ಯಾಕ್ಟೀರಿಯಗಳು ಆರೋಗ್ಯವಾಗಿರುವ ನಾಯಿಯ ಹೊಟ್ಟೆಯಲ್ಲಿ ಧಾರಾಳವಾಗಿರುತ್ತವೆ. ನಮ್ಮ ಹೊಟ್ಟೆಯ ಒಳ್ಳೆಯದು ಕೆಟ್ಟದ್ದನ್ನು ನಾಯಿಯ ಹೊಟ್ಟೆಗೆ ಹಾಗೆಯೇ ಅಂಟಿಸಲಾಗದು.

ನಾಯಿಯೂ ಬೆಕ್ಕೂ ಮಾಂಸಾಹಾರಿಗಳೇ ಆದರೂ ಇಬ್ಬರ ದಾರಿ ಬೇರೆ. ತೋಳದ ವಂಶದ ನಾಯಿ ಮನುಷ್ಯನ ಹಿಂದೆ ಬಂದು ಅವನ ಎಂಜಲಿಗೆ ಒಗ್ಗಿಕೊಂಡಿತು. ಪಿಷ್ಟವನ್ನು ಒಡೆಯುವ ಅಮೈಲೇಸ್ ರಸಕ್ಕೆ ಕಾರಣವಾದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಆದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇವೆಯೆಂದು 2013ರಲ್ಲಿ ಗೊತ್ತಾಯಿತು. ನಮ್ಮ ಊರುಗಳಲ್ಲಿ ಮುದ್ದೆ, ಜೋಳದ ರೊಟ್ಟಿ ತಿಂದು ಹೊಲ ಕಾಯುವ ನಾಯಿಯ ಗುಟ್ಟು ಇದೇ ಇರಬೇಕು. ಬೆಕ್ಕಿಗೆ ಈ ಬಗೆಯ ಒಗ್ಗಿಕೆ ಇಲ್ಲ. ಅದರ ಜೊಲ್ಲಿನಲ್ಲಿ ಅಮೈಲೇಸ್ ಇಲ್ಲ, ಮೇದೋಜೀರಕದಲ್ಲಿಯೂ ಕಡಿಮೆ; ದೊಡ್ಡ ಕರುಳೂ ಗಿಡ್ಡ.

ಹಾಗೆಂದು ಬೆಕ್ಕಿನ ಕರುಳಿನಲ್ಲಿ ನಾರು ಏನೂ ಮಾಡದೆಂದಲ್ಲ. ಅದೇ 2010ರಲ್ಲಿ ಬೆಕ್ಕುಗಳಿಗೆ ಸೆಲ್ಯುಲೋಸು, ಪೆಕ್ಟಿನ್ ಮತ್ತು ಫ್ರುಕ್ಟೊ-ಆಲಿಗೊಸ್ಯಾಕರೈಡು ಎಂಬ, ಬಾಯಿ ತುಂಬುವ ಹೆಸರಿನ ನಾರನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿದರು. ಈ ಉದ್ದ ಹೆಸರಿನದು ಬಿಫಿಡೊ ಎಂಬ ಸಾಧು ಬ್ಯಾಕ್ಟೀರಿಯಗಳನ್ನು ಹೆಚ್ಚಿಸಿತು. ಪೆಕ್ಟಿನ್ ಮಾತ್ರ ಲ್ಯಾಕ್ಟೊಬ್ಯಾಸಿಲಸ್‌ನ ಜೊತೆಗೆ ಅಷ್ಟೊಂದು ಸಾಧುವಲ್ಲದ ಇ. ಕೋಲಿಯನ್ನೂ ಹೆಚ್ಚಿಸಿತು.

ಕಾಡಿನ ಬೆಕ್ಕಿಗೆ ಸೊಪ್ಪು ಯಾರು ಕೊಡುತ್ತಾರೆ ಎಂದು ನೀವು ಕೇಳಬಹುದು. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದವರು ಇದಕ್ಕೆ ಸೊಗಸಾದ ಉತ್ತರ ಕಂಡುಕೊಂಡರು. ಸೆರೆಯಲ್ಲಿದ್ದ ಚೀತಾಗಳಿಗೆ ಬರಿಯ ದನದ ಮಾಂಸ ಕೊಟ್ಟಾಗಿನದಕ್ಕಿಂತ, ಕೂದಲು ಎಲುಬುಗಳ ಸಮೇತ ಇಡೀ ಮೊಲ ಕೊಟ್ಟಾಗ ಮಲದಲ್ಲಿ ಇಂಡೋಲ್, ಫೀನಾಲ್‌ಗಳು ಇಳಿದವು. ಕೂದಲು, ಮೆಲ್ಲೆಲುಬು, ಚರ್ಮ ಇವೇ ಮಾಂಸಾಹಾರಿಗೆ ನಾರಿನಂತೆ ಒದಗುತ್ತವೆ ಎಂದು 2013ರಲ್ಲಿ ಬರೆದರು. ಬಾಲದ ಸಮೇತ ಇಲಿಯನ್ನು ನುಂಗುವ ಚಾಳಿನ ಬೆಕ್ಕು ತನ್ನ ನಾರನ್ನು ತಾನೇ ಸಂಪಾದಿಸಿಕೊಳ್ಳುತ್ತದೆ ಎನ್ನೋಣ.

ಈಗ ಕಣ್ಣಿನ ಮಾತು. ಟಾರಿನ್ ಎಂಬ ಪದಾರ್ಥ ಮಾಂಸ ಮೀನುಗಳಲ್ಲಿದೆ. ಧಾನ್ಯ ತರಕಾರಿಗಳಲ್ಲಿ ಇಲ್ಲವೆಂದೇ ಹೇಳಬೇಕು, ಹಸುವಿನ ಹಾಲಿನಲ್ಲಿ ತೀರ ಕಡಿಮೆ. ನಾಯಿ ಇದನ್ನು ತನ್ನ ಮೈಯಲ್ಲಿಯೇ ತಯಾರಿಸಿಕೊಳ್ಳಬಲ್ಲದು. ಬೆಕ್ಕಿಗೆ ಸಾಕಾಗುವಷ್ಟು ಆಗದು. ಟಾರಿನ್ ಇಲ್ಲದ ಬೆಕ್ಕಿನ ಕಣ್ಣಿನ ಒಳಪರದೆ ಕ್ಷಯಿಸುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ಸೊರಗುವುದೆಂದು 1987ರಲ್ಲಿಯೂ ತೋರಿಸಿಕೊಟ್ಟರು. ಟಾರಿನ್ ಕೊಟ್ಟರೆ ಹೃದಯ ಎಷ್ಟೋ ಸಲ ಸುಧಾರಿಸುತ್ತದೆ. ಹೋದ ಕಣ್ಣು ಬಾರದು. ಇದಕ್ಕೂ ನಾರಿಗೂ ಏನು ನಂಟು? ಬೆಕ್ಕು ತನ್ನ ಪಿತ್ತರಸದ ಆಮ್ಲಗಳಿಗೆ ಟಾರಿನ್ನನ್ನೇ ಜೋಡಿಸಿ ಕರುಳಿಗೆ ಬಿಡುತ್ತದೆ. ಅದರ ಬಹುಭಾಗವನ್ನು ಮೈ ಮತ್ತೆ ಹೀರಿಕೊಳ್ಳಬೇಕು. ನಡುವೆ ಬ್ಯಾಕ್ಟೀರಿಯಗಳು ಆ ಜೋಡಿಯನ್ನು ಬಿಡಿಸಿ ಟಾರಿನ್ನನ್ನು ಕಬಳಿಸಿದರೆ, ಇಲ್ಲವೆ ಪಿತ್ತವು ಮಲದೊಡನೆ ಹೊರಗೆ ಹೋದರೆ, ಅಷ್ಟು ನಷ್ಟ. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಅಕ್ಕಿಯ ತೌಡು ಬೆರೆಸಿದ ಆಹಾರ ತಿಂದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಇಳಿಯಿತೆಂದು 2002ರಲ್ಲಿ ವರದಿಯಾಯಿತು.

ಆದ್ದರಿಂದ ನಾರು ಒಳ್ಳೆಯದೆಂದು ಕೇಳಿ, ನಮಗೆ ಹಿತವಾದ ತೌಡನ್ನು ಬೆಕ್ಕಿನ ತಟ್ಟೆಗೆ ಸುರಿಯಬಾರದು. ಹಾಲನ್ನದ ಮೇಲೆಯೇ ಬೆಕ್ಕನ್ನು ಬೆಳೆಸುವುದಂತೂ ಅದರ ಮೇಲಿನ ಪ್ರೀತಿಯಿಂದ ಅದಕ್ಕೆ ಮಾಡುವ ಅನ್ಯಾಯ. ಮನೆಯಲ್ಲಿ ಮಾಂಸ ಬಳಸದವರಿಗೆ ಇದು ಇಕ್ಕಟ್ಟಿನ ಪ್ರಶ್ನೆ ಎಂದು ಬಲ್ಲೆವು. ಅಂಥವರು ಟಾರಿನ್ ಸೇರಿಸಿದ ಬೆಕ್ಕಿನ ತಿಂಡಿಯ ಪೊಟ್ಟಣವನ್ನು ಸ್ವಲ್ಪವಾದರೂ ತರಬೇಕು, ಇಲ್ಲವೆ ಬೆಕ್ಕನ್ನು ಬಂಗುಡೆ ತರುವ ನೆರೆಯವರ ಮನೆಗೆ ಹೋಗಿಬರಲು ಬಿಡಬೇಕು. ಮೀನು, ಕೋಳಿಯ ಹೃದಯ ಬೇಯಿಸಿ ಕೊಡುವವರು ಬೇಯಿಸಿದ ನೀರನ್ನು ಚೆಲ್ಲಬಾರದು. ಟಾರಿನ್ ಅದರಲ್ಲಿ ಇಳಿದಿರುತ್ತದೆ.

ಪೊಟ್ಟಣದ ಮೇಲೆ ‘ಕ್ರೂಡ್ ಫೈಬರ್’ ಎಂದು ಒಂದು ಅಂಕೆ ಇರುತ್ತದೆ. ಗುಮಾಸ್ತರಾದ ನಾವು ಅಂಕೆಯನ್ನು ಕಂಡರೆ ನಂಬುವವರು. ಆದರೆ ಈ ಲೆಕ್ಕ ಜರ್ಮನಿಯ ವೇಂಡೆಯಲ್ಲಿ 1860ರ ಸುಮಾರಿಗೆ ದನದ ಮೇವಿಗಾಗಿ ಹುಟ್ಟಿದ್ದು. ಆಮ್ಲದಲ್ಲಿ ಕುದಿಸಿ, ಕ್ಷಾರದಲ್ಲಿ ಕುದಿಸಿ, ಉಳಿದದ್ದನ್ನು ತೂಗುವುದು. ಹಾಗೆ ಕುದಿಸುವಾಗ ಬ್ಯಾಕ್ಟೀರಿಯಗಳಿಗೆ ಬೇಕಾದ, ನೀರಿನಲ್ಲಿ ಕರಗುವ ನಾರು ತಪ್ಪಿಸಿಕೊಂಡು ಹೋಗುತ್ತದೆ. ಅಂಕೆಗಿಂತ ಕೆಳಗಿನ ಪದಾರ್ಥಗಳ ಪಟ್ಟಿಯನ್ನು ಓದುವುದು ಮೇಲು.

ನಾಯಿಗೆ ಮನೆಯ ಅಡಿಗೆ ಹಾಕುವವರು ಬೇಯಿಸಿದ ಸಿಹಿಗುಂಬಳ, ಗಜ್ಜರಿ, ಹುರುಳಿಕಾಯಿಯನ್ನು ಒಂದೆರಡು ಚಮಚ ಬೆರೆಸಬಹುದು. ಉಪ್ಪು ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿಯನ್ನು ಹಾಕಲೇಬಾರದು. ಅವು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಹೊಸ ನಾರನ್ನು ಒಂದೇ ದಿನ ತುಂಬಿದರೆ ಹೊಟ್ಟೆಯುಬ್ಬರ, ಭೇದಿ ಆಗುತ್ತವೆ. ಬ್ಯಾಕ್ಟೀರಿಯಗಳ ಸಂಸಾರ ಹೊಂದಿಕೊಳ್ಳಲು ಒಂದು ವಾರವಾದರೂ ಕೊಟ್ಟು, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಜೊತೆಗೆ ಕುಡಿಯಲು ನೀರು ಇರಬೇಕು. ಮಲಬದ್ಧತೆಯ ಬೆಕ್ಕುಗಳಿಗೆ ಇಸಬಗೋಲು ಸೇರಿಸಿದ ಆಹಾರ ಕೊಟ್ಟಾಗ ಹೆಚ್ಚಿನವು ಸುಧಾರಿಸಿದುವೆಂದು 2011ರ ವರದಿಯೊಂದಿದೆ. ಅದರಲ್ಲಿ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ವೈದ್ಯರನ್ನು ಕೇಳಿಯೇ ಕೊಡುವುದು ಲೇಸು.

ಮಲದಲ್ಲಿ ರಕ್ತ ಕಂಡರೆ, ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ, ಕತ್ತಲಲ್ಲಿ ಗೋಡೆಗೆ ತಾಗುತ್ತ ನಡೆದರೆ, ಕುಂಬಳಕಾಯಿಯನ್ನು ನೆಚ್ಚಿ ಕೂರದೆ ಪ್ರಾಣಿವೈದ್ಯರಲ್ಲಿಗೆ ಒಯ್ಯಿರಿ. ಮುಂಬಯಿಯಲ್ಲಿರುವವರಿಗೆ ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. ಹೋಗುವಾಗ ಪ್ರಾಣಿ ಕಳೆದ ಒಂದು ವಾರ ಏನೇನು ತಿಂದಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.