ರಕ್ತ ಅಳೆಯುವ ಹಾಳೆ



ತಾಯಂದಿರ ಆರೋಗ್ಯಕ್ಕೆ ತಂತ್ರಜ್ಞಾನ ಎಂದೊಡನೆ ನಮಗೆ ಮೊಬೈಲ್ ಆ್ಯಪ್ ನೆನಪಾಗುತ್ತದೆ. ನಾನು ಒಂದು ಪ್ಲಾಸ್ಟಿಕ್ ಹಾಳೆಯ ಕುರಿತು ಮಾತನಾಡಬಯಸುತ್ತೇನೆ.

ಹೆರಿಗೆಯ ನಂತರ 500 ಮಿಲಿಲೀಟರ್ ರಕ್ತ ಹೋಯಿತೆಂದರೆ ಎಚ್ಚರಿಕೆಯ ಗಡಿ ಮುಟ್ಟಿತೆಂದೇ ಅರ್ಥ. ಆದರೆ ಬಟ್ಟೆಗೆ, ನೆಲಕ್ಕೆ ಇಂಗಿದ ರಕ್ತವನ್ನು ಬರಿಗಣ್ಣು ಸಾಮಾನ್ಯವಾಗಿ ಕಡಿಮೆಯೆಂದೇ ಅಂದಾಜಿಸುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು, 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಣಂತಿಯ ಕೆಳಗೆ ಹಾಸಿದ್ದು ಅಳತೆಗೆರೆಗಳ ಚೀಲವಿದ್ದ ಹಾಳೆ. ಹೆರಿಗೆ ಮಾಡಿಸಿದವರು ವೈದ್ಯರಲ್ಲ, ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು. ಹುಸಿಮಾತ್ರೆ ಪಡೆದವರಲ್ಲಿ ಶೇ. 12ರಷ್ಟಿದ್ದ ಅತಿಸ್ರಾವ, ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಶೇ. 6.4 ಮಾತ್ರ.

ಇನ್ನು ಯಂತ್ರಗಳಿಗೆ ಬರವಿಲ್ಲದ ಅಮೆರಿಕ. 2021ರಲ್ಲಿ ಇಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ 26.6 ಬಿಳಿಯ ತಾಯಂದಿರು ತೀರಿಕೊಂಡರೆ, ಕಪ್ಪು ತಾಯಂದಿರ ಸಂಖ್ಯೆ 69.9. ಸಿಸೇರಿಯನ್ ಆದವಳಿಗೆ ಮುಂದೆ ಸಹಜ ಹೆರಿಗೆ ಸಾಧ್ಯವೇ ಎಂದು ಲೆಕ್ಕಹಾಕುವ ಇಲ್ಲಿನ ಒಂದು ಸೂತ್ರವಂತೂ, ಕಪ್ಪು ಮಹಿಳೆ ಎಂದು ನಮೂದಿಸಿದ ಕೂಡಲೇ ಆ ಸಾಧ್ಯತೆಯನ್ನು ಇಳಿಸಿಬಿಡುತ್ತಿತ್ತು. ಅಂದರೆ ಪೂರ್ವಗ್ರಹಕ್ಕೆ ದಶಮಾಂಶದ ಗೌರವ! ಆ ಕಲಮನ್ನು ಕೈಬಿಟ್ಟದ್ದು 2021ರಲ್ಲಿ.

ಆಸ್ಪತ್ರೆಗಳಿಗೆ ತಂತ್ರಾಂಶ ಬರೆಯುವವರು ನಮ್ಮವರಲ್ಲೂ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದು ಪ್ರಶ್ನೆ: ನಿಮ್ಮ ಸೂತ್ರದೊಳಗೆ ಇಂಥ ಕಲಮು ಇನ್ನೆಷ್ಟಿವೆ?