ಒಂದು ಕೊಡ ನೀರಿನಲ್ಲಿ ಚಿನ್ನದ ಮೀನು

(ತುರ್ವಿಹಾಳದಲ್ಲಿ ಶಾಲಾ ಮಕ್ಕಳು ಹಾಗೂ ಪಾಲಕರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಪತ್ರಿಕೆಯವನು ತುರ್ವಿಹಾಳಕ್ಕೆ ಬಂದು ನೀರಿನ ಬಗ್ಗೆ ಮಾತಾಡುತ್ತಾನೆಂದರೆ ವಿಷಯ ತುಂಗಭದ್ರಾ ಎಡದಂಡೆ ಕಾಲುವೆಯೇ ಇರಬೇಕೆಂದು ನೀವು ಎಣಿಸಿರಬಹುದು. ನೀರು ಯಾವಾಗ ಬಿಡುತ್ತಾರೆ, ಕೊನೆಯ ಭಾಗದ ಹೊಲಕ್ಕೆ ತಲುಪುತ್ತದೆಯೋ ಇಲ್ಲವೋ ಎಂಬ ಸುದ್ದಿಯನ್ನು ಉಳಿದ ದಿನಗಳಲ್ಲಿ ಬರೆದೇ ಬರೆಯುತ್ತೇವೆ. ಇವತ್ತು ನಾನು ಆರಿಸಿಕೊಂಡಿರುವುದು ಬಲು ಸಣ್ಣ ನೀರು, ಮೇಜಿನ ಮೇಲಿಡುವ ಗಾಜಿನ ಪೆಟ್ಟಿಗೆಯೊಳಗಿನ ನೀರು.

ಇದಕ್ಕೆ ಕಾರಣ ನನ್ನ ಅಕ್ಕನ ಮಗಳು. ಅವಳ ಹುಟ್ಟುಹಬ್ಬಕ್ಕೆಂದು ನಾನು ಅಂಗಡಿಯೊಂದರಿಂದ ಒಂದಡಿ ಉದ್ದದ ಗಾಜಿನ ಪೆಟ್ಟಿಗೆ ತಂದುಕೊಟ್ಟೆ. ಜೊತೆಗೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಪುಟ್ಟ ಯಂತ್ರ, ಒಂದು ಡಬ್ಬಿ ಕಾಳು ಆಹಾರ, ಎರಡು ಚಿನ್ನದ ಮೀನು. ಹೊಸದಾಗಿ ಮೀನು ಸಾಕುವವರಿಗೆ ಇದೇ ಸರಿ ಎಂದು ಅಂಗಡಿಯವರು ಹೇಳಿದ್ದರು. ಒಂಬತ್ತನೆಯ ದಿನ ಒಂದು ಮೀನು ಸತ್ತಿತು, ಹನ್ನೆರಡನೆಯ ದಿನ ಇನ್ನೊಂದು. ಅಂಗಡಿಗೆ ಹೋಗಿ ಕೇಳಿದರೆ, "ಮೀನ ಅಂದಮ್ಯಾಲೆ ಸಾಯ್ತಾವ್ರೀ, ಬ್ಯಾರೆ ಒಯ್ರಿ" ಎಂದರು. ಮನೆಯ ಹಿರಿಯರು, "ಹೋಗ್ಲಿ ಬಿಡು, ಮನಿಗೆ ಬರೋ ಕಂಟಕ ಮೀನ ತಗೊಂಡು ಹೋತು" ಎಂದು ಸಮಾಧಾನಪಟ್ಟರು. ಹುಡುಗಿ ಮಾತ್ರ ಒಪ್ಪಲಿಲ್ಲ. "ನಾ ದಿನಾ ತಪ್ಪದ ಕಾಳು ಹಾಕೀನಿ. ಆದ್ರೂ ಯಾಕ ಸತ್ತವು ಮಾಮಾ?" ಎಂದು ಕೇಳಿದಳು.

ಪ್ರಶ್ನೆ ಕೇಳುವುದೇ ನನ್ನ ಉದ್ಯೋಗ. ಏಳು ವರ್ಷದ ಹುಡುಗಿ ತಿರುಗಿ ನನಗೇ ಪ್ರಶ್ನೆ ಹಾಕಿದಾಗ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ದಯೆಯ ಕೊಳದಿಂದ ಗಾಜಿನ ಬಟ್ಟಲಿಗೆ

ಚಿನ್ನದ ಮೀನು ಸಮುದ್ರದ ಮೀನಲ್ಲ, ಯಾವುದೋ ಅಪೂರ್ವ ಜಾತಿಯೂ ಅಲ್ಲ. ನಮ್ಮ ಕೆರೆಗಳಲ್ಲಿ ಬೆಳೆಸುವ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಬಳಗಕ್ಕೇ ಸೇರಿದ್ದು. ಇದರ ಮೂಲಪುರುಷ ಚೀನಾದ ಹೊಳೆ, ಕೆರೆಗಳಲ್ಲಿದ್ದ ಬೂದು ಬಣ್ಣದ ಗೆಂಡೆ. ಸಾವಿರ ವರ್ಷಕ್ಕೂ ಹಿಂದೆ ಅವುಗಳ ನಡುವೆ ಅಪರೂಪಕ್ಕೊಮ್ಮೆ ಕೆಂಪು, ಹಳದಿ ಬಣ್ಣದ ಮರಿ ಹುಟ್ಟುತ್ತಿತ್ತು. ಪ್ರಾಣಿಗಳನ್ನು ಸಾವಿನಿಂದ ಬಿಡಿಸುವುದು ಪುಣ್ಯವೆಂದು ನಂಬಿದ್ದ ಅಲ್ಲಿನ ಬೌದ್ಧರು, ಇಂಥ ಬಣ್ಣದ ಮೀನುಗಳನ್ನು ಅಡುಗೆಗೆ ಕೊಡದೆ ವಿಹಾರಗಳ ಕೊಳಗಳಲ್ಲಿ ಬಿಟ್ಟರು. ಹೀಗೆ ಚಿನ್ನದ ಮೀನಿನ ಚರಿತ್ರೆ ಆರಂಭವಾದದ್ದು ದಯೆಯಿಂದ.

ಹನ್ನೆರಡನೆಯ ಶತಮಾನದ ಹೊತ್ತಿಗೆ ಸೊಂಗ್ ವಂಶದ ದೊರೆಗಳ ರಾಜಧಾನಿ ಹಾಂಗ್‌ಝೌನಲ್ಲಿ ಅರಮನೆಯ ಕೊಳಗಳಿಗೆ ಈ ಮೀನು ಬಂದಿತ್ತು. ಮುಂದೆ ಮಿಂಗ್ ವಂಶದ ಕಾಲದಲ್ಲಿ ಕೊಳದಿಂದ ದೊಡ್ಡ ಪಿಂಗಾಣಿ ಬಾನಿಗಳಿಗೆ ಇಳಿಯಿತು. 1596ರಲ್ಲಿ ಝಾಂಗ್ ಚಿಯೆಂದ ಎಂಬಾತ ಈ ಕೆಂಪು ಮೀನುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಸೀಳಿದ ಬಾಲ, ಉರುಟು ಮೈ, ಉಬ್ಬಿದ ಕಣ್ಣು ಎಲ್ಲವೂ ಮನುಷ್ಯ ಆರಿಸಿ ಆರಿಸಿ ಬೆಳೆಸಿದ ರೂಪಗಳು. ಅತಿಥಿಗಳು ಬಂದಾಗ ಒಂದೆರಡು ಮೀನುಗಳನ್ನು ಸಣ್ಣ ಬಟ್ಟಲಿಗೆ ಹಾಕಿ ತೋರಿಸುವ ರೂಢಿಯಿತ್ತು. ನೋಡಿದ ಮೇಲೆ ಮೀನು ತಿರುಗಿ ಕೊಳಕ್ಕೋ ಬಾನಿಗೋ ಹೋಗುತ್ತಿತ್ತು. ಬಟ್ಟಲು ಅದರ ಮನೆಯಾಗಿರಲಿಲ್ಲ. ಅದನ್ನು ಬೇಕಾದರೆ ಹೆಣ್ಣು ತೋರಿಸುವ ದಿನದ ಕುರ್ಚಿ ಎನ್ನಬಹುದು.

ಹದಿನೇಳನೆಯ ಶತಮಾನದಲ್ಲಿ ಈ ಮೀನು ಯೂರೋಪನ್ನು ತಲುಪಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ, ಗಾಜಿನ ಪಾತ್ರೆಯಲ್ಲಿ ಎರಡು ಪುಟ್ಟ ಚಿನ್ನದ ಮೀನು, ಜಲಸಸ್ಯ, ಬಸವನಹುಳು ಮೂರನ್ನೂ ಕೂಡಿಸಿ ಸಮತೋಲ ಸಾಧಿಸಿದ ಪ್ರಯೋಗವನ್ನು ಪ್ರಕಟಿಸಿದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಮಾತು ಮನೆಮನೆಗೆ ಹಬ್ಬಿತು. ಆ ಗಾಜಿನ ಗೀಳು ನಮ್ಮಲ್ಲಿಗೂ ಬಂತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸರ್ಕಾರಿ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ. ಗಾಜಿನ ಪೆಟ್ಟಿಗೆ ಅಗ್ಗವಾದಂತೆ ಕುಗ್ಗುತ್ತಾ ಬಂದು ಮೇಜಿನ ಮೂಲೆಗೆ ಹಿಡಿಸುವಷ್ಟಾಯಿತು. ಒಂದು ಗಳಿಗೆಯ ಪ್ರದರ್ಶನದ ಬಟ್ಟಲು ಬದುಕಿಡೀ ಇರಬೇಕಾದ ಮನೆಯಾದದ್ದು ಹೀಗೆ.

ನಮ್ಮವರೂ ಮೀನು ಸಾಕಿದವರೇ

ಮೀನಿನ ಮೇಲಿನ ಮಮತೆ ನಮಗೆ ಹೊರಗಿನಿಂದ ಬಂದದ್ದಲ್ಲ. ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿ ಜಗತ್ತಿಗೇ ಸುದ್ದಿಯಾಯಿತು. ಅದೇ ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಮೀನನ್ನೂ ಸೇರಿಸಿದ್ದಾನೆ. ಕೆಲವು ನಿಗದಿತ ದಿನಗಳಂದು ಮೀನು ಕೊಲ್ಲಲೂಬಾರದು, ಮಾರಲೂಬಾರದು ಎಂದಿದ್ದಾನೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ, ಗಾಳ ಹಾಕುವುದು ಹೇಗೆ ಎಂಬ ವಿವರಗಳಿವೆ. ಚೀನಾದ ದೊರೆ ಕೊಳದಲ್ಲಿ ಕೆಂಪು ಮೀನು ನೋಡುತ್ತಿದ್ದ ಶತಮಾನದಲ್ಲೇ ನಮ್ಮ ಕಲ್ಯಾಣದ ದೊರೆಯೂ ಮೀನಿನ ಊಟದ ಬಗ್ಗೆ ಬರೆಯುತ್ತಿದ್ದ. ದಯೆಯ ಗ್ರಂಥವೇನೂ ಅದಲ್ಲ, ಬೇಟೆಯ ವಿನೋದ. ಆದರೂ ಒಂದೊಂದು ಮೀನಿಗೂ ಒಂದೊಂದು ಸ್ವಭಾವವುಂಟೆಂಬ ತಿಳಿವಳಿಕೆ ಅದರಲ್ಲಿದೆ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನುಗಳಿಗೆ ಭಕ್ತರು ಮಂಡಕ್ಕಿ, ಅಕ್ಕಿ ಹಾಕುವುದನ್ನು ಪ್ರವಾಸ ಹೋದವರು ನೋಡಿದ್ದೀರಿ. ಶಿಶಿಲದಲ್ಲಿ 1996ರಲ್ಲಿ ವಿಷಪ್ರಾಶನದಿಂದ ಮೀನುಗಳು ರಾಶಿರಾಶಿ ಸತ್ತಾಗ ಊರವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು. ಇಲ್ಲೆಲ್ಲ ಮೀನು ಹೊಳೆಯಲ್ಲೇ ಇದೆ, ಅದನ್ನು ನೋಡಲು ಮನುಷ್ಯನೇ ದಡಕ್ಕೆ ಹೋಗುತ್ತಾನೆ.

ಯೂರಿಯಾದ ಲೆಕ್ಕ

ಇನ್ನು ನನ್ನ ಅಕ್ಕನ ಮಗಳ ಪ್ರಶ್ನೆಗೆ ಬರೋಣ. ನಾನು ಕೊಟ್ಟ ಪೆಟ್ಟಿಗೆ ಒಂದಡಿ ಉದ್ದ, ಎಂಟಂಗುಲ ಅಗಲ, ಎಂಟಂಗುಲ ಎತ್ತರ. ತುಂಬಾ ತುಂಬಿಸಿದರೆ 12 ಲೀಟರ್. ಕಲ್ಲು, ಗಿಡ ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಒಂಬತ್ತೋ ಹತ್ತೋ ಲೀಟರ್. ನೀವು ನಲ್ಲಿಗೆ ಹಿಡಿಯುವ ಪ್ಲಾಸ್ಟಿಕ್ ಕೊಡ ಸುಮಾರು 15 ಲೀಟರಿನದು. ಅಂದರೆ ಎರಡು ಮೀನಿಗೆ ಒಂದು ಕೊಡ ನೀರೂ ಇರಲಿಲ್ಲ.

ಈಜಲು ಜಾಗ ಸಾಲದೆಂಬುದು ತೊಂದರೆಯ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಭತ್ತದ ರೈತರಿಗೆ ಬೇಗ ತಿಳಿಯುತ್ತದೆ. ಗದ್ದೆಗೆ ಯೂರಿಯಾ ಹಾಕುತ್ತೀರಿ. ಅದು ಮಣ್ಣಿನಲ್ಲಿ ಅಮೋನಿಯಾ ಆಗಿ, ಸೂಕ್ಷ್ಮಜೀವಿಗಳ ಕೈಯಲ್ಲಿ ನೈಟ್ರೇಟ್ ಆಗುತ್ತದೆ. ಮೀನು ತನ್ನ ಮೈಯ ಕಸವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲೇ ಹೊರಹಾಕುತ್ತದೆ. ಹಿಕ್ಕೆಯೂ, ತಿನ್ನದೆ ಉಳಿದ ಕಾಳೂ ಕೊಳೆತು ಅಮೋನಿಯಾ ಆಗುತ್ತದೆ. ಕೆರೆಯಲ್ಲಿ ಇದು ಲೆಕ್ಕಕ್ಕಿಲ್ಲ. ಮುಕ್ಕಾಲು ಕೊಡ ನೀರಿನಲ್ಲಿ ಇದೇ ವಿಷ.

ಪ್ರಕೃತಿಯಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಈ ವಿಷವನ್ನು ಪಳಗಿಸುತ್ತವೆ. ಮೊದಲನೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಎರಡನೆಯದು ಅದನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಮಾಡುತ್ತದೆ. ಹೊಸ ಪೆಟ್ಟಿಗೆಯಲ್ಲಿ ಈ ಜೀವಿಗಳು ಸಾಕಷ್ಟು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾವು ಪೆಟ್ಟಿಗೆ ತಂದ ದಿನವೇ ಮೀನು ಬಿಟ್ಟೆವು. ಒಂಬತ್ತನೆಯ ದಿನ ಅದು ಸತ್ತದ್ದರಲ್ಲಿ ಆಶ್ಚರ್ಯವಿಲ್ಲ. ಹುಡುಗಿ ಪ್ರೀತಿಯಿಂದ ಹೆಚ್ಚು ಹೆಚ್ಚು ಕಾಳು ಹಾಕಿದಷ್ಟೂ ವಿಷ ಹೆಚ್ಚಿತು. ಅವಳದೇನೂ ತಪ್ಪಿಲ್ಲ. ತಿಳಿಯದೆ ತಂದುಕೊಟ್ಟ ಮಾವನದು ತಪ್ಪು.

ನೀರು ಕೊಳೆಯಾಯಿತೆಂದು ಇಡೀ ಪೆಟ್ಟಿಗೆ ಖಾಲಿ ಮಾಡಿ, ಕಲ್ಲುಗಳನ್ನು ಸೋಪಿನಿಂದ ತೊಳೆಯುವುದು ಇನ್ನೊಂದು ಅನಾಹುತ. ಆಗಷ್ಟೇ ನೆಲೆಯೂರುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ, ಸೋಪಿನ ಅಂಶವೂ ಉಳಿಯುತ್ತದೆ.

ನಮ್ಮ ಬಿಸಿಲು, ನಮ್ಮ ಕರೆಂಟು

ಚಿನ್ನದ ಮೀನು ತಂಪು ನೀರಿನ ಜೀವಿ. 18ರಿಂದ 22 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ಹೇಳಬೇಕಾಗಿಲ್ಲ. ಒಂದು ಕೆರೆ ಕಾಯಲು ದಿನಗಳು ಬೇಕು, ಒಂದು ಚೊಂಬು ನೀರಿಗೆ ಅರ್ಧ ಗಂಟೆ ಸಾಕು. ಪುಟ್ಟ ಪೆಟ್ಟಿಗೆ ಚೊಂಬಿನ ಪಕ್ಷ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಮೀನಿಗಾದರೋ ಬಿಸಿಯೇರಿದಂತೆ ಆಮ್ಲಜನಕ ಹೆಚ್ಚು ಬೇಕು. ಅಮೋನಿಯಾದ ವಿಷವೂ ಬಿಸಿಯಲ್ಲಿ ಏರುತ್ತದೆ. ಇದರ ಮೇಲೆ ಕರೆಂಟು ಹೋಯಿತೆಂದರೆ ಗುಳ್ಳೆ ಬಿಡುವ ಯಂತ್ರವೂ ನಿಲ್ಲುತ್ತದೆ.

ಕಾಲುವೆ ನೀರು ನಿಂತ ಮೇಲೆ ಅಲ್ಲಲ್ಲಿ ಗುಂಡಿಗಳಲ್ಲಿ ಉಳಿದ ಮೀನುಗಳು ಬಾಯಿ ಮೇಲೆ ಮಾಡಿ ಪಟಪಟ ಬಡಿಯುವುದನ್ನು ಇಲ್ಲಿನ ಮಕ್ಕಳೆಲ್ಲ ನೋಡಿದ್ದೀರಿ. ನಮ್ಮ ಮನೆಯ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದಾಗ ನಾವು, "ನೋಡು, ಮಾತಾಡ್ತೈತಿ" ಎಂದು ನಕ್ಕಿದ್ದೆವು.

ಬದುಕಿದ್ದರೆ ಸುಖವೆಂದಲ್ಲ

"ನಮ್ಮ ಪರಿಚಯದವರ ಮನೆಯಲ್ಲಿ ಬಟ್ಟಲಿನಲ್ಲೇ ಎರಡು ವರ್ಷ ಬದುಕಿತ್ತು" ಎಂದು ಯಾರಾದರೂ ಹೇಳಬಹುದು. ನಿಜವಿರಬಹುದು. ಚಿನ್ನದ ಮೀನು ಬಲು ಗಟ್ಟಿ ಪಿಂಡ. ಆಮ್ಲಜನಕವೇ ಇಲ್ಲದ ತಣ್ಣನೆಯ ನೀರಿನಲ್ಲಿ ತನ್ನ ಮೈಯ ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿ ಬದಲಿಸಿ ಕಿವಿರಿನಿಂದ ಹೊರಹಾಕಿ ಕೆಲಕಾಲ ಬದುಕಬಲ್ಲ ವಿಚಿತ್ರ ಶಕ್ತಿ ಅದಕ್ಕಿದೆ. ಹೊಸಬರಿಗೆ ಇದೇ ಸುಲಭದ ಮೀನೆಂದು ಮಾರಲು ಈ ತಾಳಿಕೆಯೇ ನೆಪವಾಗಿದೆ. ತಾಳಿಕೊಳ್ಳುವುದು ಬೇರೆ, ಬಾಳುವುದು ಬೇರೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ 1956ರಲ್ಲಿ ಜಾತ್ರೆಯಲ್ಲಿ ಗೆದ್ದು ತಂದ ಒಂದು ಚಿನ್ನದ ಮೀನು 1999ರವರೆಗೆ, 43 ವರ್ಷ ಬದುಕಿತ್ತು. ಆ ಆಯುಸ್ಸಿನ ಮುಂದೆ ನಮ್ಮ ಎರಡು ವರ್ಷ ಯಾವ ಲೆಕ್ಕ?

ಪೆಟ್ಟಿಗೆಯ ಅಳತೆಗೆ ತಕ್ಕಂತೆ ಮೀನು ಬೆಳೆಯುತ್ತದೆಂಬುದು ಇನ್ನೊಂದು ನಂಬಿಕೆ. ಸರಿಯಾದ ಜಾಗದಲ್ಲಿ ಉದ್ದ ಮೈಯ ಸಾದಾ ಚಿನ್ನದ ಮೀನು ಹತ್ತಂಗುಲಕ್ಕೂ ಹೆಚ್ಚು ಬೆಳೆಯುತ್ತದೆ. ಸಣ್ಣ ಪೆಟ್ಟಿಗೆಯಲ್ಲಿ ಬೆಳೆಯದಿರುವುದಕ್ಕೆ ಕೆಟ್ಟ ನೀರು ಕಾರಣ. ಅದು ಹೊಂದಾಣಿಕೆಯಲ್ಲ, ಕುಂಠಿತ. ಮೀನಿಗೆ ಮೂರು ಕ್ಷಣದ ನೆನಪು ಮಾತ್ರ, ಹಾಗಾಗಿ ಬೇಸರವಾಗದು ಎಂಬ ಮಾತೂ ಸುಳ್ಳು. ಕಲಿತದ್ದನ್ನು ಅವು ತಿಂಗಳುಗಟ್ಟಲೆ ನೆನಪಿಡುತ್ತವೆ. 2022ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಚಕ್ರಗಳ ಮೇಲಿಟ್ಟ ನೀರಿನ ತೊಟ್ಟಿಯನ್ನು ಬೇಕಾದ ಕಡೆಗೆ ನಡೆಸಲು ಚಿನ್ನದ ಮೀನಿಗೆ ಕಲಿಸಿ ತೋರಿಸಿದರು.

ಇಟಲಿಯ ರೋಮ್ ನಗರ 2005ರಲ್ಲಿ ದುಂಡು ಬಟ್ಟಲಿನಲ್ಲಿ ಮೀನು ಸಾಕುವುದನ್ನು ನಿಷೇಧಿಸಿತು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನಲ್ಲದ ಯಾವುದೇ ಜೀವಿ. ಚಲಿಸಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಕೂಡಿಹಾಕುವುದು ಅದರ 11ನೆಯ ಕಲಮಿನ ಪ್ರಕಾರ ಅಪರಾಧ. ಮೀನಿಗಾಗಿ ಯಾರೂ ಠಾಣೆಗೆ ಹೋಗುವುದಿಲ್ಲ, ಆ ಮಾತು ಬೇರೆ.

ಹಾಗಾದರೆ ಏನು ಮಾಡಬೇಕು?

ಮೀನು ಸಾಕಲೇಬೇಡಿ ಎಂದು ಹೇಳಲು ನಾನು ಬಂದಿಲ್ಲ. ಲೆಕ್ಕ ತಿಳಿದು ಸಾಕಿ. ಉರುಟು ಮೈಯ ಒಂದು ಚಿನ್ನದ ಮೀನಿಗೆ ಕನಿಷ್ಠ 75 ಲೀಟರ್, ಎಂದರೆ ಐದು ಕೊಡ ನೀರು ಬೇಕೆಂಬುದು ಅನುಭವಿಗಳ ಸಾಮಾನ್ಯ ಸಲಹೆ. ಜೊತೆಗೊಂದು ಮೀನಿದ್ದರೆ ಇನ್ನೂ ಎರಡೂವರೆ ಕೊಡ. ಉದ್ದ ಮೈಯ ಸಾದಾ ಜಾತಿಗೆ ಗಾಜಿನ ಪೆಟ್ಟಿಗೆಗಿಂತ ನೆರಳಿನಲ್ಲಿರುವ ಸಿಮೆಂಟ್ ತೊಟ್ಟಿಯೇ ಮೇಲು. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಬಾಯಿ ಅಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ತೆಗೆದ ನೀರನ್ನು ಚೆಲ್ಲಬೇಡಿ. ಅದರಲ್ಲಿ ನೈಟ್ರೇಟ್ ಇದೆ, ತುಳಸಿಗೋ ಕರಿಬೇವಿಗೋ ಹಾಕಿ.

ಎರಡು ಮೀನಿಗೆ ವಾರಕ್ಕೆ ಎರಡು ಕೊಡ ನೀರು. ಕಾಲುವೆ ಬಂದಾದ ಬೇಸಿಗೆಯಲ್ಲಿ, ಹತ್ತು ಕೊಡಕ್ಕಾಗಿ ಹೆಂಗಸರು ಸರದಿ ನಿಲ್ಲುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಅಷ್ಟು ನೀರು ಕೊಡಲಾಗದ ಮನೆ ಚಿನ್ನದ ಮೀನು ತರದಿರುವುದೇ ಸರಿ. ಅದರಲ್ಲಿ ನಾಚಿಕೆಯೇನಿಲ್ಲ. ಮಕ್ಕಳಿಗೆ ಮೀನು ಬೇಕೇ ಬೇಕೆಂದರೆ ಅಂಗಳದ ತೊಟ್ಟಿಯಲ್ಲಿ ಗಪ್ಪಿ ಬಿಡಿ. ಅವು ಸಣ್ಣವು, ಬಿಸಿ ತಾಳುತ್ತವೆ, ಸೊಳ್ಳೆಯ ಮರಿಗಳನ್ನೂ ತಿನ್ನುತ್ತವೆ. ಆರೋಗ್ಯ ಇಲಾಖೆಯವರೇ ಮಲೇರಿಯಾ ತಡೆಗೆ ಇವನ್ನು ಬಳಸಿದ್ದುಂಟು. ಆದರೆ ಬೇಡವಾದ ಚಿನ್ನದ ಮೀನನ್ನಾಗಲಿ ಗಪ್ಪಿಯನ್ನಾಗಲಿ ಪುಣ್ಯವೆಂದು ಕೆರೆಗೋ ಕಾಲುವೆಗೋ ಬಿಡಬೇಡಿ. ಹೊರಗಿನ ಮೀನು ಅಲ್ಲಿ ಹೆಚ್ಚಿಕೊಂಡರೆ ನಮ್ಮ ನೆಲದ ಮೀನಿನ ಆಹಾರ, ಮೊಟ್ಟೆಗಳಿಗೆ ಸಂಚಕಾರ.

ನಾನು ತಂದ ಆ ಪೆಟ್ಟಿಗೆ ಈಗಲೂ ಅಕ್ಕನ ಮನೆಯಲ್ಲಿದೆ. ಪ್ಲಾಸ್ಟಿಕ್ ಗಿಡ ತೆಗೆದು ನಿಜವಾದ ಜಲಸಸ್ಯ ನೆಟ್ಟಿದ್ದೇವೆ, ನಾಲ್ಕು ಬಸವನಹುಳುಗಳಿವೆ. ವಿಷಯವನ್ನೆಲ್ಲ ಹುಡುಗಿಗೆ ಕೊಡದ ಲೆಕ್ಕದಲ್ಲೇ ವಿವರಿಸಿದೆ. ಕೇಳಿಸಿಕೊಂಡವಳು, "ಅಂಗಡಿಯೊಳಗ ಇನ್ನೂ ಭಾಳ ಮೀನ ಅದಾವಲ್ಲ ಮಾಮಾ, ಅವಕ್ಕ ಎಷ್ಟು ಕೊಡ ಅದಾವ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ನಿಮಗೂ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ. ಮುಂದಿನ ಸಲ ಅಂಗಡಿಗೆ ಹೋದಾಗ ಪೆಟ್ಟಿಗೆಯ ಬೆಲೆ ಕೇಳುವ ಮೊದಲು ಅದು ಎಷ್ಟು ಕೊಡ ನೀರು ಹಿಡಿಯುತ್ತದೆಂದು ಕೇಳಿ.