ಐದು ಮನೆಯ ಮುಯ್ಯಾಳು



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಕ್ಷಮಿಸಬೇಕು, ನಾನು ರಸಾಯನಶಾಸ್ತ್ರದ ಒಂದು ಲೆಕ್ಕ ಹೇಳುತ್ತೇನೆ. ಅದು ತಲೆಗೆ ಹತ್ತದೇ ಹೋಗಿದ್ದರೆ ನಾನು ಬಿ.ಇ. ಮುಖ ನೋಡುತ್ತಿರಲಿಲ್ಲ.

ಇಲ್ಲಿ ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪೇಟೆಯಲ್ಲಿ ಪಿಯುಸಿ ಸೈನ್ಸ್ ಸೇರಿದೆ. ಇಲ್ಲಿ ಉತ್ಕರ್ಷಣ, ಅಪಕರ್ಷಣ ಎಂದು ಕಲಿತದ್ದು ಅಲ್ಲಿ ಆಕ್ಸಿಡೇಶನ್, ರಿಡಕ್ಷನ್ ಆಗಿತ್ತು. ಎರಡೂ ಒಂದೇ ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ನಗಬೇಡಿ, ನಿಜ. ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 4 ಬಂತು. ಸೈನ್ಸ್ ಬಿಡುತ್ತೇನೆ ಎಂದೆ. ಅಪ್ಪ ಏನೂ ಮಾತಾಡದೆ, ಉತ್ತರಪತ್ರಿಕೆ ಸಮೇತ ನನ್ನನ್ನು ಇದೇ ಶಾಲೆಯ ವಿಜ್ಞಾನದ ಮೇಷ್ಟ್ರ ಮುಂದೆ ತಂದು ನಿಲ್ಲಿಸಿದರು.

ಬಾವಿಗೆ ಹಾಕುವ ನೇರಳೆ ಪುಡಿ ಗೊತ್ತಲ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್? ಪ್ರಶ್ನೆ ಅದರದ್ದೇ. ಆಮ್ಲೀಯ ದ್ರಾವಣದಲ್ಲಿ ಪರ್ಮಾಂಗನೇಟ್ ಅಯಾನು ಫೆರಸ್ ಅಯಾನಿನ ಜೊತೆ ವರ್ತಿಸುವ ಸಮೀಕರಣವನ್ನು ಸರಿದೂಗಿಸಬೇಕಿತ್ತು. ಅದರ 4 ಆಕ್ಸಿಜನ್‌ಗೆ ಬಲಗಡೆ 4 ನೀರು, ಆ ನೀರಿನ ಹೈಡ್ರೋಜನ್‌ಗೆ ಎಡಗಡೆ 8 ಹೈಡ್ರೋಜನ್ ಅಯಾನು ಬರೆದಿದ್ದೆ. ಎರಡೂ ಕಡೆ ಒಂದು ಮ್ಯಾಂಗನೀಸ್, ಒಂದು ಕಬ್ಬಿಣ. ಒಂದು ಪರಮಾಣುವೂ ಹೆಚ್ಚುಕಡಿಮೆ ಇಲ್ಲ. ಆದರೂ ಸೊನ್ನೆ! ನನಗೆ ಅನ್ಯಾಯವಾಗಿದೆ ಎಂದೇ ನಂಬಿದ್ದೆ.

“ಆವೇಶ ಕೂಡು” ಎಂದರು ಮೇಷ್ಟ್ರು. ಎಡಗಡೆ ಧನ 9, ಬಲಗಡೆ ಧನ 5.

“ಉಳಿದ ನಾಲ್ಕು ಎಲ್ಲಿಗೆ ಹೋಯ್ತೋ?”

ನಾನು ಸುಮ್ಮನೆ ನಿಂತೆ.

“ನಿಮ್ಮ ಗದ್ದೆ ನಾಟಿಗೆ ಐದು ಆಳು ಬೇಕು. ಒಂದು ಮನೆಯಿಂದ ಒಬ್ಬರೇ ಮುಯ್ಯಾಳು ಬರೋದು. ಎಷ್ಟು ಮನೆಗೆ ಹೇಳ್ತೀಯ?”

“ಐದು ಮನೆಗೆ ಸಾರ್.”

ಮ್ಯಾಂಗನೀಸ್ ಧನ 7ರಿಂದ ಧನ 2ಕ್ಕೆ ಇಳಿಯಲು 5 ಎಲೆಕ್ಟ್ರಾನ್ ಬೇಕು. ಕಬ್ಬಿಣ ಧನ 2ರಿಂದ ಧನ 3ಕ್ಕೆ ಏರುವಾಗ ಬಿಟ್ಟುಕೊಡುವುದು ಒಂದೇ. ಎರಡೂ ಕಡೆ ಕಬ್ಬಿಣವನ್ನು 5 ಮಾಡಿ ಮತ್ತೆ ಕೂಡಿದೆ. ಅಲ್ಲೂ ಧನ 17, ಇಲ್ಲೂ ಧನ 17. ಆ ಸಂಜೆಯ ಖುಷಿ ನನಗೆ ಮೊದಲ ಸಂಬಳದ ದಿನವೂ ಆಗಿಲ್ಲ.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಪ್ರತ್ಯಾಮ್ಲೀಯ ದ್ರಾವಣವಾದರೆ? ಅಲ್ಲಿ ಪರ್ಮಾಂಗನೇಟ್ ಸಾಮಾನ್ಯವಾಗಿ 3 ಎಲೆಕ್ಟ್ರಾನ್ ಪಡೆದು ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ. ಹೈಡ್ರೋಜನ್ ಅಯಾನು ಬರೆದು ಮುಗಿಸುವಂತಿಲ್ಲ. ಮೊದಲು ಆಮ್ಲವೆಂದೇ ತಿಳಿದು ಬರೆ ಎಂದರು: ಎಡಗಡೆ 4 ಹೈಡ್ರೋಜನ್ ಅಯಾನು, ಬಲಗಡೆ 2 ನೀರು. ಆಮೇಲೆ ಎರಡೂ ಕಡೆಗೆ 4 ಹೈಡ್ರಾಕ್ಸೈಡ್ ಸೇರಿಸು. ಎಡಗಡೆ ಅವು ಕೂಡಿ 4 ನೀರಾಗುತ್ತವೆ. ಎರಡೂ ಕಡೆ 2 ನೀರು ಹೊಡೆದುಹಾಕು. ಎಡಕ್ಕೆ 2 ನೀರು, ಬಲಕ್ಕೆ 4 ಹೈಡ್ರಾಕ್ಸೈಡ್ ಉಳಿಯಿತು. ಎಲೆಕ್ಟ್ರಾನ್ ಸೇರಿಸಿ ಕೂಡಿದರೆ ಎರಡೂ ಕಡೆ ಋಣ 4.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಾಸಾದೆ. ದೊಡ್ಡ ಅಂಕವೇನಲ್ಲ, ಆದರೆ ಸೈನ್ಸ್ ಬಿಡುವ ಮಾತು ಮತ್ತೆ ಆಡಲಿಲ್ಲ.

ಈ ವರ್ಷ ಪಿಯುಸಿ ಸೈನ್ಸ್ ಸೇರಿ ಒದ್ದಾಡುತ್ತಿರುವವರು ಇಲ್ಲಿ ಯಾರಾದರೂ ಇದ್ದರೆ, ಊಟವಾದ ಮೇಲೆ ಹತ್ತನೇ ತರಗತಿಯ ಕೋಣೆಗೆ ಬನ್ನಿ. ಸೀಮೆಸುಣ್ಣ ತಂದಿದ್ದೇನೆ. ಸಂಜೆ ಬಸ್ಸು ಬರುವವರೆಗೂ ಅಲ್ಲೇ ಇರುತ್ತೇನೆ.